ಮುಹೂರ್ತ ಪುಕ್ಕಟೆ, ಮಳೆಗಾಲ ಸಾಲ

ಧರ್ಮಸ್ಥಳದಲ್ಲಿ 1972ರಿಂದ ನಡೆದು ಬಂದಿರುವ ಉಚಿತ ಸಾಮೂಹಿಕ ವಿವಾಹದಲ್ಲಿ ಈವರೆಗೆ 12 ಸಾವಿರಕ್ಕೂ ಹೆಚ್ಚು ಜೋಡಿಗಳು ಹಸೆಮಣೆ ಏರಿವೆ. ವಧುವಿಗೆ ಸೀರೆ, ರವಿಕೆ ಕಣ, ಮಾಂಗಲ್ಯ, ವರನಿಗೆ ಧೋತಿ, ಶಾಲು, ಬಂದವರಿಗೆ ಊಟ. ವರದಕ್ಷಿಣೆಯ ಮಾತೇ ಇಲ್ಲ. ಮುಜರಾಯಿ ಇಲಾಖೆಯ ‘ಸಪ್ತಪದಿ’ ಸಾಮೂಹಿಕ ವಿವಾಹ ಯೋಜನೆ 2020ರಲ್ಲಿ ಇದೇ ದಾರಿ ಹಿಡಿಯಿತು. ನಮ್ಮ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾದ ಕೂಲಿ ಮನೆಗಳಿಗೆ ಇಂಥ ಏರ್ಪಾಡು ದೊಡ್ಡ ಆಸರೆ ಎನ್ನುವುದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಅದರ ಲೆಕ್ಕದ ಬಗ್ಗೆ. ಆ ಲೆಕ್ಕ ಮುಹೂರ್ತಕ್ಕೆ ಮುಗಿದುಹೋಗುತ್ತದೆ. ಸಂಸಾರದ ಲೆಕ್ಕ ಶುರುವಾಗುವುದೇ ಆಮೇಲೆ.

ಮೊದಲು ಚಿನ್ನ. ಸಪ್ತಪದಿಯಲ್ಲಿ ಜೋಡಿಗೆ 55 ಸಾವಿರ ಎಂದು ಗೊತ್ತು ಮಾಡಿದಾಗ ಅದರಲ್ಲಿ 40 ಸಾವಿರ ತಾಳಿ, ಗುಂಡುಗಳಿಗೆ, ಅಂದಾಜು 8 ಗ್ರಾಂ ಚಿನ್ನಕ್ಕೆ ಮೀಸಲಾಗಿತ್ತು. ವಧುವಿನ ಬಟ್ಟೆಬರೆಗೆ 10 ಸಾವಿರ, ವರನಿಗೆ 5 ಸಾವಿರ. ಗ್ರಾಂ ಒಂದಕ್ಕೆ ಹತ್ತು ಸಾವಿರ ದಾಟಿದ ಮೇಲೆ ಅದೇ 40 ಸಾವಿರ ನಾಲ್ಕು ಗ್ರಾಮಿಗೂ ಸಾಲದು. ಮೊತ್ತಕ್ಕಿಂತ ನನಗೆ ಗಮನಿಸಬೇಕೆನಿಸುವುದು ಪಾಲು: ಮುಕ್ಕಾಲಿಗೆ ಸ್ವಲ್ಪ ಕಡಿಮೆ ಕೊರಳಿಗೆ, ಉಳಿದದ್ದು ಬಟ್ಟೆಗೆ, ಮನೆಗೆಂದು ಒಂದು ಪೈಸೆಯೂ ಇಲ್ಲ. ಚಾಪೆ, ಒಲೆ, ಕೊಡಪಾನ, ಬಾಡಿಗೆಯ ಮುಂಗಡ ಯಾವುದೂ ಈ ಪಟ್ಟಿಯಲ್ಲಿ ಬರುವುದಿಲ್ಲ.

ಆದರೂ ಸಾಮೂಹಿಕ ವಿವಾಹ ಬಡವನಿಗೆ ಕೊಡುವ ಅತಿ ದೊಡ್ಡ ವಸ್ತು ಹಣವಲ್ಲ, ನೆಪ. ಊರಿಗೆಲ್ಲ ಹೇಳಿಕೆ ಕೊಡದಿರಲು ಒಂದು ಮರ್ಯಾದೆಯ ನೆಪ. 2020ರ ಕೊರೊನಾ ಕಾಲದಲ್ಲಿ ಮದುವೆಗೆ 50 ಜನ ಎಂದು ಸರ್ಕಾರವೇ ಕಟ್ಟಳೆ ಹಾಕಿದಾಗ ಎಷ್ಟೋ ಅಪ್ಪಂದಿರು ಒಳಗೊಳಗೇ ನಿಟ್ಟುಸಿರು ಬಿಟ್ಟಿರಬೇಕು. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಸರಳವಾದ ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿ ಮದುವೆಯ ಆಡಂಬರಕ್ಕೆ ನೇರ ಪೆಟ್ಟು ಕೊಟ್ಟರು. ಅದರ ದಿಟ್ಟತನಕ್ಕೆ ತಲೆಬಾಗುತ್ತೇನೆ. ಆದರೆ ಇದ್ದವರು ಬಿಟ್ಟರೆ ಅದು ಸರಳತೆ. ಇಲ್ಲದವರು ಬಿಟ್ಟರೆ ‘ಗತಿಯಿಲ್ಲ, ಅದಕ್ಕೇ’ ಎನ್ನುತ್ತದೆ ಕೇರಿ. ಆ ಮಾತಿಗೆ ಅಂಜಿಯೇ ಧರ್ಮಸ್ಥಳದಲ್ಲಿ ತಾಳಿ ಕಟ್ಟಿಸಿಕೊಂಡು ಬಂದವರೂ ವಾರದೊಳಗೆ ಊರ ಹಾಲ್‌ನಲ್ಲಿ ರಿಸೆಪ್ಷನ್ ಇಡುತ್ತಾರೆ. ಉಳಿಸಿದ್ದು ಅಲ್ಲಿ ಕರಗುತ್ತದೆ, ಜೊತೆಗೆ ಸಂಘದ ಸಾಲ, ವಾರದ ಕಂತು.

ಹಿಂದೆ ಇಲ್ಲೇ ಬೇರೊಂದು ಬಗೆಯಿತ್ತು. ಹಾಲಕ್ಕಿ ಒಕ್ಕಲಿಗರಲ್ಲಿ ತೆರ, ಅಂದರೆ ವಧುದಕ್ಷಿಣೆ, ಕೊಡುತ್ತಿದ್ದುದು ಗಂಡಿನ ಕಡೆ. ಮದುಮಗಳ ಎದೆ ತುಂಬುತ್ತಿದ್ದುದು ಸಾಲು ಸಾಲು ಮಣಿಸರ; ಚಿನ್ನ ಇಲ್ಲದ ಕೊರತೆ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ವಾಲಗಕ್ಕೆ ದುಡ್ಡು ಸುರಿಯುವ ಬದಲು ಕೊಪ್ಪದ, ಅಂದರೆ ಅವರ ಕೇರಿಯ, ಹೆಂಗಸರೇ ಹಾಡುತ್ತಿದ್ದರು. ಅಂಥ ಹಾಡುಗಳ ಕಣಜವಾಗಿದ್ದ ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಚಪ್ಪರವೂ ಹಾಗೆಯೇ. ಅಡಿಕೆ ಮರದ ಕಂಬ ನೆಟ್ಟು, ಸೀಳಿದ ಅಡಿಕೆ ದಬ್ಬೆ ಹಾಸಿ, ನೀರಲ್ಲಿ ನೆನೆಸಿದ ತೆಂಗಿನ ಮಡಲು ಹೆಣೆದು ಹೊದೆಸಲು ಅಕ್ಕಪಕ್ಕದ ಮನೆಯವರು ಬರುತ್ತಿದ್ದರು. ಹೆಣೆಯುವಾಗ ಗರಿಯೊಂದರ ಮೇಲೊಂದು ಬಿಗಿಯಾಗಿ ಕೂರದಿದ್ದರೆ ಮದುವೆ ದಿನ ಬಿಸಿಲು ಊಟದೆಲೆಯ ಮೇಲೇ ಬೀಳುತ್ತಿತ್ತು. ಹಾಗಾದರೆ ಹೆಣೆದವನಿಗೆ ಊಟದುದ್ದಕ್ಕೂ ಗೇಲಿ. ಇದನ್ನು ನಾನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಅದೂ ಸಾಲವೇ, ಇನ್ನೊಬ್ಬರ ಮನೆಯ ಮದುವೆಯಲ್ಲಿ ಮೈಮುರಿದು ತೀರಿಸಬೇಕಾದ ಸಾಲ. ಬಡ್ಡಿ ಮಾತ್ರ ಇರಲಿಲ್ಲ.

ಭಟ್ಕಳದ ಮುಸ್ಲಿಂ ಮನೆಗಳಲ್ಲೂ ವರ ವಧುವಿಗೆ ಕೊಡುವ ಮಹರ್, ಮದುವೆಯ ಔತಣವಾದ ವಲೀಮಾ ಎರಡೂ ಗಂಡಿನ ಹೊಣೆ. ಶಾಸ್ತ್ರ ಹೆಣ್ಣಿನ ಪರವೇ ಇದೆ. ಆದರೂ ಕೊಲ್ಲಿಯ ದುಡ್ಡು ಬರುವ ಮನೆಯ ವೈಭವವೇ ಪಕ್ಕದ ಬಡಮನೆಗೂ ಅಳತೆಗೋಲಾದಾಗ ಶಾಸ್ತ್ರ ಹಿಂದೆ ಸರಿಯುತ್ತದೆ.

ಇನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ, ತಿಂಗಳು. ಸಪ್ತಪದಿಯ ಮೊದಲ ಮುಹೂರ್ತ ಗೊತ್ತಾಗಿದ್ದು 2020ರ ಏಪ್ರಿಲ್ 26ಕ್ಕೆ; ಲಾಕ್‌ಡೌನ್‌ನಿಂದ ಅದು ಮುಂದಕ್ಕೆ ಹೋಯಿತು. ಧರ್ಮಸ್ಥಳದ್ದೂ ಬೇಸಿಗೆಯಲ್ಲೇ. ಶಾಲೆಗೆ ರಜೆ, ಮಳೆಯಿಲ್ಲ, ನೆಂಟರಿಗೆ ಅನುಕೂಲ. ಆದರೆ ತದಡಿ, ಕಾಸರಕೋಡು, ತೆಂಗಿನಗುಂಡಿ ಬಂದರುಗಳ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಕಡಲಿಗಿಳಿಯಲು ನಿಷೇಧ. ಮೇ ತಿಂಗಳಲ್ಲಿ ಮದುವೆಯಾದ ಬೋಟಿನ ಹುಡುಗನಿಗೆ ತಿಂಗಳು ತುಂಬುವ ಮೊದಲೇ ಕೈ ಖಾಲಿ. ಬೇಸಿಗೆಯಲ್ಲಿ ಕೊರಳಲ್ಲಿದ್ದ ಚಿನ್ನ ಜುಲೈ ಹೊತ್ತಿಗೆ ಸೊಸೈಟಿಯಲ್ಲಿ ಅಡವು. ಆಷಾಢಕ್ಕೆ ಮದುಮಗಳನ್ನು ತವರಿಗೆ ಕಳಿಸುವ ಪದ್ಧತಿಯ ಹಿಂದೆ ಶಾಸ್ತ್ರಕ್ಕಿಂತ ಅಕ್ಕಿಯ ಲೆಕ್ಕವೇ ಹೆಚ್ಚಿತ್ತೇನೋ ಎಂದು ನನಗೊಂದು ಗುಮಾನಿ. ಬೇರೆ ಒಲೆ ಹೂಡೋಣವೆಂದರೆ ರೇಷನ್ ಕಾರ್ಡ್ ಅತ್ತೆಯ ಹೆಸರಲ್ಲಿ. 2023ರಿಂದ ಬರುತ್ತಿರುವ ಗೃಹಲಕ್ಷ್ಮಿಯ 2,000 ರೂಪಾಯಿಯೂ ಕಾರ್ಡಿನ ಯಜಮಾನಿಗೇ.

ಪಂಚಾಂಗದಲ್ಲಿ ಕಾರ್ತಿಕ, ಮಾರ್ಗಶಿರಕ್ಕೂ ಮುಹೂರ್ತಗಳಿವೆ. ಆಗ ಗದ್ದೆಯ ಕೊಯ್ಲು ಮುಗಿದಿರುತ್ತದೆ, ದೋಣಿಗಳು ನೀರಲ್ಲಿರುತ್ತವೆ, ಮುಂದಿನ ನಿಷೇಧಕ್ಕೆ ಆರು ತಿಂಗಳು ಬಾಕಿ. ಕರಾವಳಿಯ ಜೋಡಿಗಳಿಗಾಗಿ ಸರ್ಕಾರ ಸಾಮೂಹಿಕ ವಿವಾಹ ನಡೆಸುವುದಾದರೆ ಆ ತಿಂಗಳಲ್ಲೇ ನಡೆಸಲಿ. ತಾಳಿಯ ಹಣದಲ್ಲಿ ಅರ್ಧವನ್ನು ವಧುವಿನ ಖಾತೆಗೆ ಜೂನ್ ಮೊದಲ ವಾರ ಹಾಕಲಿ.