ದಾನವೋ ಅನುದಾನವೋ: ನಿರಾಶ್ರಿತರ ವೆಚ್ಚವನ್ನು ಕುರಿತ ಒಂದು ವಿಮರ್ಶೆ

ನಿರಾಶ್ರಿತರಿಗಾಗಿ ಸರ್ಕಾರದ ಬೊಕ್ಕಸದಿಂದ ಹೋಗುವ ಹಣವನ್ನು ಕಾನೂನಿನ ಮೂಲಕವೇ ತಡೆಯುವ ಪ್ರವೃತ್ತಿ ಈಚಿನ ವರ್ಷಗಳಲ್ಲಿ ಅಮೆರಿಕದ ಶಾಸನಸಭೆಯಲ್ಲಿ ಪ್ರಬಲವಾಗಿದೆ. ಅದೇ ಸಭೆಯು 1962ರಲ್ಲಿ ವಲಸೆ ಮತ್ತು ನಿರಾಶ್ರಿತರ ನೆರವಿನ ಅಧಿನಿಯಮವನ್ನು ರಚಿಸಿ ಇಂಥ ವೆಚ್ಚಕ್ಕೆ ಸ್ಥಿರವಾದ ಆಧಾರವನ್ನು ಒದಗಿಸಿದ್ದಿತು. 2024ರ ಮಾರ್ಚಿಯಲ್ಲಿ ಅಂಗೀಕೃತವಾದ ಧನವಿನಿಯೋಗ ಶಾಸನವಾದರೋ, ಪ್ಯಾಲೆಸ್ಟೀನ್ ನಿರಾಶ್ರಿತರಿಗಾಗಿರುವ ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆಗೆ 2025ರ ಮಾರ್ಚಿ 25ರವರೆಗೆ ಹಣ ಕೊಡಕೂಡದೆಂದು ವಿಧಿಸಿತು. ಆ ಸಂಸ್ಥೆಯ ಕೆಲವು ನೌಕರರ ಮೇಲೆ ಬಂದ ಆರೋಪಗಳು ಗುರುತರವಾದುವು; ವಿಚಾರಣೆ ಆಗಲೇಬೇಕಾಗಿದ್ದಿತು. ಆದರೆ ನೌಕರರ ತಪ್ಪಿಗಾಗಿ ಶಾಲೆಗಳನ್ನೂ ಚಿಕಿತ್ಸಾಲಯಗಳನ್ನೂ ದಂಡಿಸುವುದು ಯಾವ ನ್ಯಾಯ?

ಈ ನಿಲುವಿನ ಬುಡದಲ್ಲಿರುವ ಭಾವನೆ ಸರಳವಾದದ್ದು: ನಿರಾಶ್ರಿತರಿಗೆ ಕೊಡುವುದು ದಾನ, ದಾನಿಯ ಮನಸ್ಸು ತಿರುಗಿದರೆ ಕೈಯನ್ನು ಹಿಂದೆಗೆದುಕೊಳ್ಳಬಹುದು. ಇದನ್ನು ಅಮೆರಿಕದವರ ತಲೆಗೆ ಕಟ್ಟಿ ನಾವು ಸುಮ್ಮನಿರುವಂತಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಎಸ್. ನಿಜಲಿಂಗಪ್ಪನವರನ್ನು ಸ್ಮರಿಸುವಾಗ, ಟಿಬೆಟ್ಟಿನವರಿಗೆ ನೆಲವನ್ನಿತ್ತ ಮಹಾದಾನಿ ಎಂಬ ಮಾತು ಬಾರದಿರುವುದು ಅಪರೂಪ. ಅವರ ಔದಾರ್ಯದಲ್ಲಿ ನಮಗೆ ಸಂದೇಹವಿಲ್ಲ. ಆದರೂ ಕಾಲಕ್ರಮವನ್ನು ಗಮನಿಸತಕ್ಕದ್ದು. ಬೈಲಕುಪ್ಪೆಯ ನೆಲೆ ಆರಂಭವಾದದ್ದು 1960-61ರಲ್ಲಿ. ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿಗಳು ಬಿ. ಡಿ. ಜತ್ತಿಯವರು. ನಿಜಲಿಂಗಪ್ಪನವರು 1958ರಲ್ಲಿ ಅಧಿಕಾರವನ್ನು ಬಿಟ್ಟು, 1962ರಲ್ಲಿ ಮರಳಿ ಬಂದರು. ಮುಂಡಗೋಡಿನ ನೆಲೆ 1966ರಲ್ಲಿ, ಅವರ ಆಡಳಿತದಲ್ಲಿ, ಸ್ಥಾಪಿತವಾಯಿತು. ಒಬ್ಬರ ಕೀರ್ತಿಯನ್ನು ಕಿತ್ತು ಇನ್ನೊಬ್ಬರಿಗೆ ಕೊಡುವುದು ನಮ್ಮ ಉದ್ದೇಶವಲ್ಲ. ಮುಖ್ಯಮಂತ್ರಿಗಳು ಬದಲಾದರೂ ಕೆಲಸ ನಿಲ್ಲಲಿಲ್ಲವೆಂಬುದೇ ಇಲ್ಲಿ ಮುಖ್ಯ. ಸಂವಿಧಾನದ ಪ್ರಕಾರ ವಿದೇಶೀಯರ ವಿಷಯ ಕೇಂದ್ರದ ಪಟ್ಟಿಗೂ, ಭೂಮಿ ರಾಜ್ಯದ ಪಟ್ಟಿಗೂ ಸೇರಿದುವು. ಎರಡು ಸರ್ಕಾರಗಳೂ ಕೂಡಿ ನಡೆಯದೆ, ಬೈಲಕುಪ್ಪೆಯ ಸುಮಾರು 3,000 ಎಕರೆ ಕಾಡು ಹೊಲವಾಗುತ್ತಿರಲಿಲ್ಲ. ಇದು ದಾನವಲ್ಲ, ಲೆಕ್ಕವಿಡಬೇಕಾದ, ಸಭೆಯಲ್ಲಿ ಪ್ರಶ್ನೆಗೆ ಒಳಪಡುವ ಅನುದಾನ.

ಐಮಂಗಲದಂಥ ಮಳೆ ಕಡಿಮೆಯ ಹೋಬಳಿಯ ರೈತನೊಬ್ಬನು, ನಮ್ಮ ಬಾವಿಯೇ ಬತ್ತಿರುವಾಗ ಪರದೇಶದವರಿಗೆ ಹಣವೇಕೆ ಎಂದು ಕೇಳಿದರೆ ಅದನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕಲಾಗದು. ಅಮೆರಿಕದ ಮಸೂದೆಗಳಿಗೆ ಬೆಂಬಲ ದೊರೆಯುವುದೂ ಇಂಥ ಪ್ರಶ್ನೆಯಿಂದಲೇ. ಇದಕ್ಕೆ ಉತ್ತರ ಬೇರೆಲ್ಲಿಯೂ ಅಲ್ಲ, ಪಕ್ಕದ ತಾಲ್ಲೂಕಿನಲ್ಲಿಯೇ ಇದೆ. ಟಿಬೆಟ್ಟಿನವರ ಪುನರ್ವಸತಿಗೆಂದೇ 1968ರಲ್ಲಿ ಹುಟ್ಟಿದ ಮೈರಾಡಾ ಸಂಸ್ಥೆಯು ಆ ಕಾರ್ಯ ಒಂದು ನೆಲೆಗೆ ಬಂದ ಮೇಲೆ ಗ್ರಾಮೀಣ ಬಡವರ ಕಡೆಗೆ ತಿರುಗಿತು. ಅದು ಕೆಲಸಮಾಡಿದ ಸ್ಥಳಗಳಲ್ಲಿ ಹೊಳಲ್ಕೆರೆಯೂ ಒಂದು. ದೊಡ್ಡ ಸಹಕಾರ ಸಂಘಗಳು ಒಡೆದುಹೋದಾಗ, ಪರಸ್ಪರ ನಂಬಿಕೆಯುಳ್ಳ ಸಣ್ಣ ಗುಂಪುಗಳು ತಾವಾಗಿ ಉಳಿದುಕೊಂಡುದನ್ನು 1980ರ ದಶಕದ ನಡುವಿನಲ್ಲಿ ಆ ಸಂಸ್ಥೆ ಗುರುತಿಸಿತು. ಸ್ವಸಹಾಯ ಸಂಘಗಳ ಮೂಲಗಳಲ್ಲಿ ಇದೊಂದು; 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ಕೈಗೊಂಡಿತು. ನಿರಾಶ್ರಿತರ ಹೆಸರಿನಲ್ಲಿ ಕಲಿತ ವಿದ್ಯೆ ನಮ್ಮ ಹಳ್ಳಿಯ ಹೆಂಗಸರ ಉಳಿತಾಯದ ಪುಸ್ತಕದವರೆಗೆ ಬಂದಿದೆ. ವೆಚ್ಚವನ್ನು ನಿಷೇಧಿಸುವ ಶಾಸನದ ಲೆಕ್ಕದಲ್ಲಿ ಈ ಬಾಬು ಕಾಣಿಸುವುದಿಲ್ಲ.

ಇನ್ನೊಂದು ತೊಡಕೂ ಉಂಟು. ಆಯವ್ಯಯವನ್ನು ಮಂಜೂರು ಮಾಡುವವರು ಮತದಾರರ ಪ್ರತಿನಿಧಿಗಳು. 1960ರಲ್ಲಿ ಕಾಡು ಕಡಿಯಲು ಬಂದವರಿಗೆ ಇಲ್ಲಿ ಮತವಿರಲಿಲ್ಲ. ಯಾರ ಅನ್ನವನ್ನು ಕಡಿಮೆ ಮಾಡಬೇಕೆಂದು ಗೊತ್ತುಮಾಡುತ್ತಾರೆಯೋ ಅವರ ಧ್ವನಿಯೇ ಆ ಸಭೆಯಲ್ಲಿ ಇರುವುದಿಲ್ಲ. ಆದಕಾರಣ ಇಂಥ ವೆಚ್ಚವನ್ನು ಕಡಿಯುವವರು ಉಳಿದೆಡೆಗಿಂತ ಹೆಚ್ಚಿನ ಸಮರ್ಥನೆ ಕೊಡಬೇಕೇ ಹೊರತು ಕಡಿಮೆಯದನ್ನಲ್ಲ.

ನಮ್ಮ ಸ್ಥಿತಿಯೂ ಹೆಮ್ಮೆಪಡುವಂಥದಲ್ಲ. ಭಾರತವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದು ಪ್ರತ್ಯೇಕ ಕಾನೂನೂ ಇಲ್ಲ. 2014ರ ಟಿಬೆಟನ್ ಪುನರ್ವಸತಿ ನೀತಿ ಕಾರ್ಯಾಂಗದ ನೀತಿ ಮಾತ್ರ. 2015-16ರಿಂದ ಐದು ವರ್ಷಗಳಿಗೆ ಮಂಜೂರಾದ 40 ಕೋಟಿ ರೂಪಾಯಿಯೂ ಯಾವುದೇ ಶಾಸನಬದ್ಧ ಹಕ್ಕಿನಿಂದ ಬಂದದ್ದಲ್ಲ. ಅಮೆರಿಕದಲ್ಲಿ ಅನುದಾನವನ್ನು ಶಾಸನದ ಮೂಲಕ ಕಡಿಯಲು ಸಭೆಯಲ್ಲಿ ಒಂದು ಚರ್ಚೆಯಾದರೂ ನಡೆಯಬೇಕು. ನಮ್ಮಲ್ಲಿ ಅದನ್ನು ನವೀಕರಿಸದೆ ಬಿಟ್ಟರೆ ಸಾಕು. 1960ರಿಂದ 1966ರವರೆಗಿನ ಮೈಸೂರು ಶಾಸನಸಭೆಯ ನಡವಳಿಗಳಲ್ಲಿ ಈ ನೆಲೆಗಳ ವಿಷಯವಾಗಿ ಯಾರು ಯಾವ ಪ್ರಶ್ನೆ ಕೇಳಿದರು, ಸರ್ಕಾರ ಏನು ಉತ್ತರ ಕೊಟ್ಟಿತು ಎಂಬುದನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಹುಡುಕಬಹುದಾಗಿದೆ.