ಕೆರೆಗೆ ಹಾರದ ಮೆಟ್ಟಿಲ ಸಾಲುಗಳು

ಹೋದ ಬೇಸಿಗೆಯಲ್ಲಿ ನಮ್ಮ ಶಾಲೆ ಮೇಷ್ಟ್ರು ಒಂದು ಕಟ್ಟು ಹಾಳೆ ತಂದು ನನ್ನ ಕೈಗಿಟ್ಟರು. ಮಕ್ಕಳು ನಮ್ಮೂರ ಕೆರೆ ಮೇಲೆ ಬರೆದ ಪ್ರಬಂಧಗಳು. "ಓದಿ ನೋಡಿ ಯಜಮಾನ್ರೇ, ನೀವು ದಿನಾ ಗಾಳ ಹಾಕ್ಕೊಂಡು ಕೂರೋ ಜಾಗ" ಅಂದ್ರು. ಒಂದೊಂದಾಗಿ ಓದಿದೆ. ಅಕ್ಷರ ದುಂಡಗಿತ್ತು. ಸುತ್ತ ತೆಲುಗಿನ ನಡುವೆ ಬೆಳೆಯೋ ಮಕ್ಕಳು ಇಷ್ಟು ಕನ್ನಡ ಬರೀತಾವಲ್ಲ ಅಂತ ಖುಷಿಯೂ ಆಯಿತು. ಆದರೆ ಮುಕ್ಕಾಲು ಪಾಲು ಮಕ್ಕಳು ಒಂದೇ ಮಾತು ಬರೆದಿದ್ದರು: ಕೆರೆಯ ದಡ ಪ್ರಶಾಂತವಾಗಿತ್ತು, ನಿಶ್ಶಬ್ದವಾಗಿತ್ತು. ಮಕ್ಕಳ ತಪ್ಪಲ್ಲ. ದೊಡ್ಡವರ ಪುಸ್ತಕದಲ್ಲೂ ಹಂಗೇ ಐತೆ. ಕೆರೆ ಅಂದ ಕೂಡಲೆ ತಾವರೆ, ತಂಗಾಳಿ, ಪ್ರಶಾಂತ. ಗಾಳ ಹಾಕಿ ಒಂದು ಸಂಜೆ ಸುಮ್ಮನೆ ಕೂತವರು ಯಾರೂ ಈ ಮಾತು ಬರೆಯೋದಿಲ್ಲ.

ಕೆರೆ ಅಂದರೆ ಸದ್ದಿನ ಮನೆ. ಕೊರಮೀನು ಉಸಿರು ತಗೊಳ್ಳೋಕೆ ಮೇಲೆ ಬರ್ತದೆ, ನೀರೊಳಗಿನ ಗಾಳಿ ಅದಕ್ಕೆ ಸಾಲದು. ಬಂದು ಬಾಯಿ ತೆರೆದು 'ಗುಳಕ್' ಅಂತ ಒಂದು ಸದ್ದು ಮಾಡಿ ಮುಳುಗ್ತದೆ. ಬಾವಿಗೆ ಸಣ್ಣ ಕಲ್ಲು ಬಿದ್ದಂಗೆ. ದೊಡ್ಡ ಮೀನು ಅಟ್ಟಿಸಿಕೊಂಡು ಬಂದಾಗ ಸಣ್ಣ ಮರಿಗಳೆಲ್ಲ ಒಟ್ಟಿಗೆ ಮೇಲಕ್ಕೆ ಹಾರ್ತಾವೆ, ಒಂದು ಹಿಡಿ ರಾಗಿ ನೀರಿಗೆ ಎರಚಿದಂಗೆ ಕೇಳಿಸ್ತದೆ. ಮಿಂಚುಳ್ಳಿ ಬೀಳೋದು ಬೇರೆ ಸದ್ದು, ಅದು ಕತ್ತರಿಸಿದಂಗೆ. ತೂಬಿನ ಬಾಯಲ್ಲಿ ನೀರು ಗೊರಗೊರ ಅಂತಿರ್ತದೆ, ಮುದುಕ ನಿದ್ದೆ ಮಾಡಿದಂಗೆ. ಇನ್ನು ಕಪ್ಪೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಅರಿಶಿನ ಬಳಿದಂಗೆ ಹಳದಿಯಾಗಿ ಬರೋ ಗಂಡು ಕಪ್ಪೆಗಳು ಕೂಗಿದರೆ ಪಕ್ಕದಲ್ಲಿ ಕೂತವನ ಮಾತು ಕೇಳೋದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಚೆ ದಡದ ಬಟ್ಟೆ ಒಗೆಯೋ ಸದ್ದು. ಹೆಂಗಸು ಬಟ್ಟೆ ಎತ್ತಿ ಕಲ್ಲಿಗೆ ಬಡೀತಾಳೆ. ಸದ್ದು ಬರೋದು ಅವಳು ಮತ್ತೆ ಕೈ ಎತ್ತಿದಾಗ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ನಡೀತದೆ, ಅಷ್ಟು ದೂರ ಇದ್ದರೆ ಒಂದು ಸೆಕೆಂಡು ತಡ ಅಂತ ಮೇಷ್ಟ್ರು ಲೆಕ್ಕ ಹೇಳಿಕೊಟ್ಟರು. ಲೆಕ್ಕ ಗೊತ್ತಾದ ಮೇಲೂ ಅದರ ಚೆಂದ ಕಮ್ಮಿಯಾಗಿಲ್ಲ.

ಮೀನು ಹಿಡಿಯೋದರ ಸುಖ ಬರೆದ ಕನ್ನಡದವರಲ್ಲಿ ಪೂರ್ಣಚಂದ್ರ ತೇಜಸ್ವಿಯವರನ್ನ ಬಿಟ್ಟರೆ ನನಗೆ ಬೇರೆ ಯಾರೂ ಸಿಕ್ಕಿಲ್ಲ. ನಮ್ಮ ವಾಚನಾಲಯದಲ್ಲಿ 'ಪರಿಸರದ ಕಥೆ' ಐತೆ, ಹೊಟ್ಟು ಹಾರಿಹೋಗುವಷ್ಟು ಓದಿಸಿಕೊಂಡು ಬೈಂಡು ಕಿತ್ತಿದೆ. ಗಾಳದ ಹುಚ್ಚು ಹಿಡಿದ ಮನುಷ್ಯ ಬರೆದ ಪುಸ್ತಕ ಅಂತ ಗೊತ್ತಾಗಿಬಿಡ್ತದೆ. 'ಪ್ರಶಾಂತ' ಅನ್ನೋ ಗೋಜಿಗೆ ಅವರು ಹೋಗೋದಿಲ್ಲ. ಮಾರ, ಪ್ಯಾರ, ನಾಯಿ ಕಿವಿ, ಎಲ್ಲರ ಗಲಾಟೆ. ನನ್ನ ತಕರಾರು ಒಂದೇ, ಅಲ್ಲಿ ಜನದ ಮಾತಿನ ರುಚಿ ಹೆಚ್ಚು, ನೀರಿನ ಮಾತು ಕಮ್ಮಿ. ಅವರದು ಮೂಡಿಗೆರೆ ಕಡೆಯ ಹೊಳೆ ಹಳ್ಳ, ಹೇಮಾವತಿ ಹುಟ್ಟೋ ಸೀಮೆ. ನಮ್ಮ ಮಡಕಶಿರಾ ಸೀಮೆಯಲ್ಲೂ ಹೇಮಾವತಿ ಐತೆ, ಆದರೆ ಅದು ಹೊಳೆಯಲ್ಲ, ನೊಳಂಬರು ಆಳಿದ ಊರು. ಕಲ್ಲಿನ ಕಂಬ ನೋಡೋಕೆ ಜನ ಬರ್ತಾರೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳೋ ಹಳೇ ಅನಂತಪುರ ಜಿಲ್ಲೆಯವರಿಗೆ ಹೊಳೆಯ ಹಾಡು ಎಲ್ಲಿಂದ ಬರಬೇಕು? ನಮಗೆ ಇರೋದು ಕೆರೆ. ಅದೂ ಎಷ್ಟೋ ವರ್ಷ ನೀರಿಲ್ಲದೆ ಬಳ್ಳಾರಿ ಜಾಲಿ ಬೆಳೆದು ನಿಂತ ಕೆರೆ.

ಅದಕ್ಕೇ ಕೆರೆಯ ಹಾಡು ಎರಡು ಥರ. ಒಂದು, ನೀರು ಬಂತು ಅಂತ ಕುಣಿಯೋದು. ಮದಗದ ಕೆರೆಗೆ ಮಳೆ ಬರೋ ಹಾಡು ಎಲ್ಲರಿಗೂ ಗೊತ್ತು, ಮದುವೆ ಮನೆಯಲ್ಲೂ ಹಾಡ್ತಾರೆ. ಸಣ್ಣ ಮೋಡ ಎದ್ದು, ಗಾಳಿ ಗುಡುಗು ಸೇರಿ, ಗಂಗಮ್ಮ ಬಂದು ಏರಿಗೆ ಒದೆಯೋತನಕ ಹಾಡು ಏರ್ತಾ ಹೋಗ್ತದೆ. ಅದನ್ನ ಗಂಟಲು ಬಿಟ್ಟು ಹಾಡಬೇಕು. ಮಳೆಗೆ ಸದ್ದೈತೆ, ಕೋಡಿಗೆ ಸದ್ದೈತೆ. ಕೋಡಿ ಬಿದ್ದ ರಾತ್ರಿ ಊರೆಲ್ಲ ಎದ್ದು ಕೂತು ಕೇಳೋ ಸದ್ದು ಅದು. ಆ ಹಾಡಿನ ಮಟ್ಟು ಸರಿಯಾಗೈತೆ, ಯಾರು ಹಾಡಿದರೂ ಕೆಡೋದಿಲ್ಲ.

ಎರಡನೆಯದು 'ಕೆರೆಗೆ ಹಾರ'. ಇದು ಯಾರು ಹಾಡಿದರೂ ಕೆಡ್ತದೆ. ನಾನೇ ಸುಮಾರು ಮೂವತ್ತು ವರ್ಷ ಕೆಡಿಸಿದ್ದೀನಿ.

ಕತೆ ಗೊತ್ತಿದ್ದದ್ದೇ. ಮಲ್ಲನಗೌಡ ಕೆರೆ ಕಟ್ಟಿಸ್ತಾನೆ, ನೀರು ನಿಲ್ಲೋದಿಲ್ಲ. ಹೊತ್ತಿಗೆ ತೆಗೆದು ಕೇಳಿದರೆ ಸೊಸೆಯನ್ನ ಹಾರ ಕೊಡಬೇಕು ಅಂತ ಬರ್ತದೆ. ಹಿರಿಯಳು ಹೋದರೆ ಹಿರೇತನ ಯಾರಿಗೆ, ಆದ್ದರಿಂದ ಕಿರಿಯ ಸೊಸೆ ಭಾಗೀರತಿ. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಗಂಗೆ ಪೂಜೆ ಮಾಡಿ, ಉಂಡು, ಎಲ್ಲ ಹೊರಟ ಮೇಲೆ ಬಂಗಾರದ ಬಟ್ಟಲು ಮರೆತು ಬಂದೆವು ಅಂತ ಅವಳೊಬ್ಬಳನ್ನೇ ವಾಪಸು ಕಳಿಸ್ತಾರೆ. ಬಟ್ಟಲು ತಗೊಂಡು ಅವಳು ಮೆಟ್ಟಿಲು ಹತ್ತುತಾಳೆ, ಹತ್ತಿದ ಹಾಗೆ ನೀರೂ ಹತ್ತುತದೆ. ಪಾದಕ್ಕೆ, ಮೊಣಕಾಲಿಗೆ, ನಡುವಿಗೆ, ಆಮೇಲೆ ಪೂರಾ.

ನಮ್ಮ ಮೇಳದಲ್ಲಿ ನನಗೆ ಪದ ಕಲಿಸಿದ ಹಿರಿಯರು ಈ ಮೆಟ್ಟಿಲ ಸಾಲುಗಳಿಗೆ ಬಂದಾಗ ದನಿ ಇಳಿಸಿಬಿಡೋರು. ಒಂದೊಂದು ಮೆಟ್ಟಿಲಿಗೂ ಇನ್ನಷ್ಟು ಸಣ್ಣಗೆ. ತಂಬೂರಿ ತಂತಿಯನ್ನೂ ಬೆರಳಲ್ಲಿ ಒತ್ತಿ ಹಿಡಿಯೋರು. ಕಡೇ ಮೆಟ್ಟಿಲು ಮುಂದಿನ ಸಾಲಿನವರಿಗೆ ಮಾತ್ರ ಕೇಳ್ತಿತ್ತು. ನಾನಾಗ ಇಪ್ಪತ್ತೈದರ ಹುಡುಗ. ಪಾಪ, ವಯಸ್ಸಾಯ್ತು, ದಮ್ಮು ಸಾಲ್ತಿಲ್ಲ ಅಂದ್ಕೊಂಡೆ. ಬಾಯಿಬಿಟ್ಟು ಹೇಳಿಯೂ ಬಿಟ್ಟೆ, ಇನ್ನು ಮುಂದೆ ಆ ಸಾಲುಗಳನ್ನ ನಾನು ಎತ್ತಿಕೊಳ್ತೀನಿ, ನೀವು ಸುಧಾರಿಸಿಕೊಳ್ಳಿ ಅಂತ. ಅವರು ಏನೂ ಅನ್ನಲಿಲ್ಲ. ನಾನು ಮೆಟ್ಟಿಲಿಗೊಂದು ಶ್ರುತಿ ಏರಿಸ್ತಾ ಹೋದೆ, ತಾಳ ಜೋರಾಯಿತು, ಕಡೇ ಮೆಟ್ಟಿಲಿಗೆ ಜನ ಶಿಳ್ಳೆ ಹೊಡೆದರು. ಜಾತ್ರೆಯಿಂದ ಜಾತ್ರೆಗೆ ನನ್ನ ಹೆಸರು ಹೋಯಿತು. ಹಿರಿಯರು ಪಕ್ಕದಲ್ಲಿ ತಾಳ ಹಾಕ್ತಾ ಕೂತಿರೋರು. ಅವರೂ ಗಾಳದವರೇ. ನನಗೆ ಗಾಳ ಕಟ್ಟೋದು, ಜೋಳದ ದಂಟಿನ ಬೆಂಡು ಕೆತ್ತೋದು ಕಲಿಸಿದ್ದೂ ಅವರೇ. ಎಷ್ಟೋ ಸಂಜೆ ಒಟ್ಟಿಗೆ ಏರಿ ಮೇಲೆ ಕೂತಿದ್ದೀವಿ. ಅಲ್ಲೂ ಈ ಮಾತು ಎತ್ತಲಿಲ್ಲ. ಹಂಗೇ ತೀರಿಕೊಂಡರು.

ಅವರು ಹೋಗಿ ಹತ್ತಾರು ವರ್ಷ ಆದಮೇಲೆ ಒಂದು ಹಿಂಗಾರಿನ ಸಂಜೆ. ನಮ್ಮೂರಲ್ಲಿ ಒಂದು ಹನಿ ಇಲ್ಲ, ಪಡುವಲ ಕಡೆ ಮಾತ್ರ ಮೋಡ ಕಪ್ಪಗೆ ಕೂತಿತ್ತು. ತೂಬಿನ ಪಕ್ಕದ ಕಲ್ಲು ಮೆಟ್ಟಿಲ ಮೇಲೆ ಎರೆಹುಳ ಸಿಕ್ಕಿಸಿ ಗಾಳ ಬಿಟ್ಟು ಕೂತೆ. ಚಪ್ಪಲಿ ಎರಡು ಮೆಟ್ಟಿಲು ಕೆಳಗೆ ಬಿಟ್ಟಿದ್ದೆ. ಕಣ್ಣು ಬೆಂಡಿನ ಮೇಲೆ. ಗಾಳದವರಿಗೆ ಗೊತ್ತು, ದೊಡ್ಡ ಮೀನು ಕಚ್ಚಿದಾಗ ಸದ್ದಾಗೋದಿಲ್ಲ. ಬೆಂಡು ಸುಮ್ಮನೆ ಕೆಳಗೆ ಹೋಗ್ತದೆ, ಅಷ್ಟೇ. 'ಚಳಕ್' ಅಂತ ಸದ್ದು ಬಂತು ಅಂದರೆ ಮೀನು ತಪ್ಪಿಸಿಕೊಂಡಿತು ಅಂತ ಅರ್ಥ. ಕತ್ತಲಾಗ್ತಾ ಬಂತು. ಕಪ್ಪೆ ಕೂಗ್ತಿದ್ದವು. ಒಂದು ಹೊತ್ತಿನಲ್ಲಿ ದಡದ ಹತ್ತಿರದವು ನಿಲ್ಲಿಸಿದವು. ಯಾರೋ ಬರ್ತಿದ್ದಾರೆ ಅಂತ ತಿರುಗಿ ನೋಡಿದೆ. ಯಾರೂ ಇಲ್ಲ. ಪಕ್ಕದ ಕಲ್ಲಿನ ಮೇಲೆ ಇರುವೆ ಸಾಲು ಮೊಟ್ಟೆ ಕಚ್ಚಿಕೊಂಡು ಮೇಲಕ್ಕೆ ಹತ್ತುತಿತ್ತು. ಆಗ ಚಪ್ಪಲಿ ನೋಡಿದೆ. ಮೆಟ್ಟಿಲ ಮೇಲಿರಲಿಲ್ಲ. ನೀರಿನ ಮೇಲೆ, ಒಂದರ ಪಕ್ಕ ಒಂದು, ಯಾರೋ ಜೋಡಿಸಿಟ್ಟಂಗೆ ತೇಲ್ತಿದ್ದವು.

ಪಡುವಲ ಹಳ್ಳ ಬಂದಿತ್ತು. ಹಳ್ಳ ಕೆರೆಗೆ ಬೀಳೋ ಕಡೆ ಸದ್ದಿರಬಹುದು, ಅದು ಆಚೆ ಮೂಲೆ. ಏರಿ ಕಡೆ ನೀರು ಏರೋದಕ್ಕೆ ಒಂದು ಚೂರು ಸದ್ದಿಲ್ಲ. ನಾನು ನೋಡ್ತಿದ್ದಂಗೇ ಇನ್ನೊಂದು ಮೆಟ್ಟಿಲ ಅಂಚು ಒದ್ದೆಯಾಯಿತು, ಆಮೇಲೆ ಕಾಣಲಿಲ್ಲ. ಅರವತ್ತು ಅಡಿ ಬಾವಿಗೆ ಇಳಿದವನು ನಾನು, ರಾತ್ರಿ ಹೊಲಕ್ಕೆ ಒಬ್ಬನೇ ನೀರು ಕಟ್ಟಿದವನು. ಅವತ್ತು ಹೆದರಿದೆ. ಗಾಳ ಅಲ್ಲೇ ಬಿಟ್ಟು ಏರಿ ಮೇಲೆ ಬಂದು ನಿಂತಾಗ ಹಿರಿಯರ ಸಣ್ಣ ದನಿ ಕಿವಿಗೆ ಬಂತು. ಅವರಿಗೆ ದಮ್ಮು ಸಾಲದೆ ಇರಲಿಲ್ಲ. ನೀರು ಹೆಂಗೆ ಏರ್ತದೆ ಅಂತ ಗೊತ್ತಿತ್ತು.

ಆಮೇಲೆ ಪೂರಾ ಹಾಡನ್ನ ಮತ್ತೆ ಮೊದಲಿಂದ ಕೂತು ಹೇಳಿಕೊಂಡೆ. ಅದು ಮಾತಾಡದೆ ಇರೋರ ಹಾಡು. ಕಾಳು ಹಸನು ಮಾಡ್ತಾ ಭಾಗೀರತಿ ಅಳ್ತಾಳೆ, ಯಾಕೆ ಅಂದರೆ ಕಣ್ಣಿಗೆ ಏನೋ ಬಿತ್ತು ಅಂತಾಳೆ. ತವರಿಗೆ ಹೋಗ್ತಾಳೆ, ಅಪ್ಪ ಅಮ್ಮನಿಗೆ ನಿಜ ಹೇಳೋದಿಲ್ಲ, ನಮ್ಮನ್ನ ಬೇರೆ ಇಡ್ತಾರಂತೆ ಅನ್ನೋ ಸುಳ್ಳು. ಗೆಳತಿಗೆ ಒಬ್ಬಳಿಗೆ ಹೇಳ್ತಾಳೆ, ಆ ಗೆಳತಿಯೂ ಇಟ್ಟಂಗಿರಬೇಕು ಅಂದುಬಿಡ್ತಾಳೆ. ಮಾವ, ಅತ್ತೆ ಎಲ್ಲರಿಗೂ ಗೊತ್ತು, ಯಾರ ಬಾಯಲ್ಲೂ ಬರೋದಿಲ್ಲ. ಅಷ್ಟು ಜನ ಬಾಯಿ ಮುಚ್ಚಿಕೊಂಡಿರೋ ಹಾಡಿನಲ್ಲಿ ಕಡೆಗೆ ನೀರು ಬಂದು ಕೂಗಾಡಿದರೆ ಹೆಂಗೆ? ನೀರೂ ಆ ಮನೆಯವರ ಥರಾನೇ ಬರ್ತದೆ, ಸುಮ್ಮನೆ. ಕಟ್ಟಿದ ಹೆಣ್ಣುಮಕ್ಕಳು ದಿನಾ ಕೊಡ ಹಿಡಿದು ಕೆರೆಗಿಳಿದವರು. ಅವರಿಗೆ ಇದನ್ನ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಹಾಡನ್ನೇ ಹಾಡಬಾರದು ಅಂತ ಮೇಷ್ಟ್ರ ವಾದ. ಹೆಣ್ಣು ಬಲಿ ಕೊಟ್ಟದ್ದನ್ನ ತ್ಯಾಗ ಅಂತ ಹೊಗಳೋ ಹಾಡು, ಈಗಿನ ಹೆಣ್ಣುಮಕ್ಕಳ ಮುಂದೆ ಯಾಕೆ ಅಂತ. ಆ ಮಾತನ್ನ ನಾನು ತಳ್ಳಿಹಾಕೋದಿಲ್ಲ. ನಾನು ಮೂವತ್ತು ವರ್ಷ ಹಾಡಿದ ರೀತಿಗೆ ಅದು ಪೂರಾ ಸರಿ. ಮೆಟ್ಟಿಲಿಗೊಂದು ಶ್ರುತಿ ಏರಿಸಿ, ತಾಳ ಜೋರು ಮಾಡಿದರೆ ಅದು ಕೆರೆ ತುಂಬಿದ ಹಬ್ಬ, ಗೌಡ ಗೆದ್ದ ಹಾಡು. ಜನ ಶಿಳ್ಳೆ ಹೊಡೆದದ್ದು ನೀರಿಗೆ, ಹುಡುಗಿಗಲ್ಲ. ದನಿ ಇಳಿಸಿ ಹಾಡಿ ನೋಡಿ, ಕೇಳೋರು ಮುಂದಕ್ಕೆ ಬಗ್ಗಬೇಕಾಗ್ತದೆ. ಬಗ್ಗಿದಾಗ ಅವಳ ಕಾಲು ಕಾಣ್ತದೆ. ಅಕ್ಷರ ಒಂದೂ ಬದಲಾಗಿಲ್ಲ, ಹಾಡು ಯಾರ ಕಡೆಗೆ ನಿಂತಿದೆ ಅನ್ನೋದು ಬದಲಾಯಿತು. ಪುಸ್ತಕದಲ್ಲಿ ಅಚ್ಚಾದಾಗ ಇದು ಕಾಣೋದಿಲ್ಲ. ಐದು ಮೆಟ್ಟಿಲಿಗೂ ಒಂದೇ ಅಳತೆಯ ಅಕ್ಷರ. ಬರೀ ಓದಿದ ಮೇಷ್ಟ್ರಿಗೆ ಕೋಪ ಬಂದರೆ ಆಶ್ಚರ್ಯವಿಲ್ಲ. ಗಂಡ ಕುದುರೆ ಮೇಲೆ ಬಂದು ತಾನೂ ಕೆರೆಗೆ ಹಾರೋ ಕೊನೆಯ ಭಾಗ ಮಾತ್ರ ಜೋರಾಗೇ ಇರಲಿ. ಇಡೀ ಹಾಡಿನಲ್ಲಿ ನೀರಿಗೆ ಸದ್ದಾಗಿ ಬೀಳೋನು ಅವನೊಬ್ಬನೇ.

ಈಗ ಫೋನಿನಲ್ಲಿ ಬರೋ ಹಾಡುಗಳನ್ನೂ ಕೇಳಿದೀನಿ. ಕೀಬೋರ್ಡಿನಲ್ಲಿ ಜುಳುಜುಳು ನೀರು ಹಾಕ್ತಾರೆ, ನಡುನಡುವೆ ಹಕ್ಕಿ ಕೂಗು, ಮೆಟ್ಟಿಲು ಬಂದಾಗ ಡ್ರಮ್ಮು. ಜುಳುಜುಳು ಅನ್ನೋದು ತೊರೆ. ನಿಂತ ಕೆರೆ ಯಾವತ್ತೂ ಜುಳುಜುಳು ಅಂದದ್ದಿಲ್ಲ. ಒಂದು ಸಂಜೆ ಬಂದು ನಮ್ಮ ಏರಿ ಮೇಲೆ ಕೂರಲಿ, ಗಾಳ ನಾನೇ ಕೊಡ್ತೀನಿ. ಸಿಕ್ಕಿದರೆ ಮೀನು ಸಾರು, ಮುದ್ದೆ. ಸಿಗದಿದ್ದರೆ ಬರೀ ಮುದ್ದೆ.

ಈ ಯುಗಾದಿಗೆ ಊರಿನ ಹುಡುಗರು ಮೈಕು ಕಟ್ಟಿಸಿ 'ಕೆರೆಗೆ ಹಾರ' ಹಾಡು ಅಂದರು. ಹಾಡಿದೆ. ಮೆಟ್ಟಿಲ ಸಾಲುಗಳಿಗೆ ಬಂದು ದನಿ ಇಳಿಸಿದೆ, ತಂತಿ ಒತ್ತಿ ಹಿಡಿದೆ. ಮೂರನೇ ಮೆಟ್ಟಿಲಿಗೆ ಹಿಂದಿನ ಸಾಲಿನಲ್ಲಿ ಯಾರೋ, "ಪಾಪ, ಯಜಮಾನ್ರಿಗೆ ದಮ್ಮು ಹೋಯ್ತು" ಅಂದದ್ದು ಚೆನ್ನಾಗಿ ಕೇಳಿಸಿತು. ನಾಲ್ಕನೇ ಮೆಟ್ಟಿಲಿಗೆ ಮುಂದೆ ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಗ್ಗಿದ್ದರು. ಐದನೆಯದಕ್ಕೆ ಮೈಕಿನ ಹುಡುಗ, ಮೈಕು ಕೆಟ್ಟೋಯ್ತು ಅಂದುಕೊಂಡು ಓಡಿ ಬಂದು ವೈರು ಅಲ್ಲಾಡಿಸಿದ.