ಕಂಠ ಮತ್ತು ಕರ್ತೃತ್ವ: ಚುನಾವಣಾ ಪ್ರಚಾರದ ವಾಚಿಕ

ಚುನಾವಣೆ ಘೋಷಣೆಯಾದೊಡನೆ ಕರ್ನಾಟಕದ ಬೀದಿಗಳಲ್ಲಿ ಸಂಚರಿಸುವ ಆಟೊ, ಜೀಪುಗಳಿಂದ ಕೇಳಿಬರುವ ಮುದ್ರಿತ ಮಾತನ್ನು ಗದ್ದಲವೆಂದು ಬದಿಗಿರಿಸುವುದೇ ವಾಡಿಕೆ. ಅದನ್ನು ವಾಚಿಕಾಭಿನಯದ ಒಂದು ಪ್ರಕಾರವೆಂದು ಪರಿಗಣಿಸಿದರೆ ಕೆಲವು ಗಂಭೀರ ಪ್ರಶ್ನೆಗಳು ಎದುರಾಗುತ್ತವೆ.

ಈ ಮಾತಿನ ಶೈಲಿಯನ್ನು ಮೊದಲಿಗೆ ರೂಪಿಸಿರುವುದು ಯಂತ್ರ. ಕಹಳೆಯಾಕಾರದ ಧ್ವನಿವರ್ಧಕವು ಮಂದ್ರ ನಾದವನ್ನು ಬಹುಮಟ್ಟಿಗೆ ಕಳೆದುಬಿಡುತ್ತದೆ. ಉಳಿಯುವುದು ಏರುದನಿಯ ಹರಿತ. ವಾಹನ ಚಲಿಸುತ್ತಿರುವುದರಿಂದ ಮನೆಯೊಳಗಿನ ಕೇಳುಗನಿಗೆ ದಕ್ಕುವುದು ಕೆಲವೇ ವಾಕ್ಯಗಳು. ಹೀಗಾಗಿಯೇ ಅಭ್ಯರ್ಥಿಯ ಹೆಸರಿನ ಕೊನೆಯ ಸ್ವರ ದೀರ್ಘವಾಗುತ್ತದೆ, ಗುರುತಿನ ಹೆಸರು ಮತ್ತೆ ಮತ್ತೆ ಬರುತ್ತದೆ. ‘ಮತದಾರ ಬಾಂಧವರೇ’, ‘ಅಮೂಲ್ಯವಾದ ಮತ’, ‘ಪ್ರಚಂಡ ಬಹುಮತದಿಂದ ಆರಿಸಿ ತರಬೇಕಾಗಿ ವಿನಂತಿ’ ಎಂಬ ಸಿದ್ಧ ನುಡಿಗಟ್ಟುಗಳ ಉಪಯುಕ್ತತೆಯೂ ಇಲ್ಲಿಯೇ ಇದೆ. ವಾಹನ ತಿರುವು ದಾಟಿ ಹೋದರೂ ಕೇಳುಗನು ಮಿಕ್ಕ ವಾಕ್ಯವನ್ನು ತಾನೇ ಪೂರ್ಣಗೊಳಿಸಿಕೊಳ್ಳಬಲ್ಲನು.

ಇದಕ್ಕಿಂತ ಸೂಕ್ಷ್ಮವಾದುದು ಕಾಕುವಿನ ಬಳಕೆ. ನಾಟ್ಯಶಾಸ್ತ್ರವು ಕಾಕುವನ್ನು ಸಾಕಾಂಕ್ಷ, ನಿರಾಕಾಂಕ್ಷ ಎಂದು ವಿಭಾಗಿಸುತ್ತದೆ. ಮೊದಲನೆಯದು ಇನ್ನೂ ಏನನ್ನೋ ಅಪೇಕ್ಷಿಸುವ ಉಚ್ಚಾರ, ಎರಡನೆಯದು ಅಲ್ಲಿಗೆ ಮುಗಿದ ಉಚ್ಚಾರ. ‘ನೀರು ಬಂತೇ? ರಸ್ತೆ ಆಯಿತೇ?’ ಎಂಬ ಪ್ರಶ್ನೆಗಳು ಬರೆಹದಲ್ಲಿ ನಿರುಪದ್ರವಿಯಾದ ವಿಚಾರಣೆಗಳು. ಕಂಠವು ಅವನ್ನು ಎಳೆದು ನಿಲ್ಲಿಸಿದಾಗ, ಹೆಸರೆತ್ತದೆಯೇ ಎದುರಾಳಿಯ ಮೇಲಿನ ಆರೋಪಗಳಾಗುತ್ತವೆ. ಆಮೇಲೆ ಇಳಿದನಿಯಲ್ಲಿ ಬರುವ ಅಭ್ಯರ್ಥಿಯ ಹೆಸರು ಉತ್ತರವೆಂಬಂತೆ ಕೇಳಿಸುತ್ತದೆ. ಅಂದರೆ ಜಾಹೀರಾತಿನ ವಾದವಿರುವುದು ಪಾಠದಲ್ಲಲ್ಲ, ಕಂಠದಲ್ಲಿ. ಬಾನುಲಿ ಜಾಹೀರಾತಿನ ಸಂಭಾಷಣೆಗಳಲ್ಲಿ ಇದೇ ಕೌಶಲ ಅಗ್ಗವಾಗುತ್ತದೆ: ಅರಿಯದವನಿಗೆ ಗ್ರಾಮೀಣ ಉಪಭಾಷೆ, ತಿಳಿಹೇಳುವವನಿಗೆ ಶಿಷ್ಟಭಾಷೆ. ಯಾರ ಮತವನ್ನು ಬೇಡಲಾಗುತ್ತಿದೆಯೋ ಅವರ ನುಡಿಯೇ ಅಜ್ಞಾನದ ಗುರುತಾಗುವುದು ಈ ಪ್ರಕಾರದ ದೊಡ್ಡ ದೋಷ.

ಒಂದೇ ಕಂಠ ಎದುರಾಳಿಗಳಿಬ್ಬರ ಪರವಾಗಿಯೂ ಮಾತನಾಡಬಹುದೆಂಬುದನ್ನು ದೋಷವೆನ್ನಲಾಗದು. ಕರಾವಳಿ, ಮಲೆನಾಡುಗಳ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಪಾತ್ರ. ಇಂದು ಕೃಷ್ಣನ ಪಕ್ಷವನ್ನು ಸಮರ್ಥಿಸಿದ ಅರ್ಥಧಾರಿ ನಾಳೆ ಕೌರವನ ಪಕ್ಷವನ್ನು ಅಷ್ಟೇ ಸಮರ್ಥವಾಗಿ ಮಂಡಿಸುತ್ತಾನೆ, ಸಭೆಯೂ ಮೆಚ್ಚುತ್ತದೆ. ಆದರೆ ಅಲ್ಲಿ ಅರ್ಥಧಾರಿಯ ಹೆಸರು ಕರಪತ್ರದಲ್ಲಿರುತ್ತದೆ, ಮುಖ ಎದುರಿಗಿರುತ್ತದೆ. ಪಾತ್ರದ ಮಾತು ಯಾವುದು, ಪಾತ್ರಧಾರಿ ಯಾರು ಎಂಬ ವಿವೇಕ ಪ್ರೇಕ್ಷಕನಿಗಿದೆ. ಪ್ರಚಾರದ ಕಂಠಕ್ಕೆ ಇಲ್ಲದಿರುವುದು ಈ ಪರಿಚಯ. ‘ನಮ್ಮೂರಿನ ಕಷ್ಟ ನಮಗೆ ಗೊತ್ತು’ ಎನ್ನುವ ಕಂಠ ಆ ಊರಿನದೇ ಆಗಿರಬೇಕಿಲ್ಲ.

ಮುದ್ರಿತ ಪ್ರಚಾರದ ವಿಷಯದಲ್ಲಿ ಕಾನೂನು ಈ ತೊಡಕನ್ನು ಬಹುಹಿಂದೆಯೇ ಗ್ರಹಿಸಿತ್ತು. ಪ್ರಜಾಪ್ರತಿನಿಧಿ ಕಾಯಿದೆಗೆ 1961ರಲ್ಲಿ ಸೇರಿದ 127ಎ ಪ್ರಕರಣದಂತೆ ಚುನಾವಣಾ ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕರ ಹಾಗೂ ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. 1977ರ ಲೋಕಸಭಾ ಚುನಾವಣೆಯಿಂದ ಆಕಾಶವಾಣಿಯಲ್ಲಿ ಪಕ್ಷಗಳಿಗೆ ದೊರೆತ ಉಚಿತ ಅವಧಿಯಲ್ಲಿಯೂ ಮಾತನಾಡಿದವರು ಪಕ್ಷದ ಪ್ರತಿನಿಧಿಗಳೇ. 2004ರಿಂದ ಜಾರಿಗೆ ಬಂದ ಜಾಹೀರಾತು ಪೂರ್ವಪ್ರಮಾಣೀಕರಣವಾದರೋ ಹಣ ಕೊಟ್ಟವರನ್ನು ಕೇಳುತ್ತದೆ, ಲಿಖಿತ ಪಾಠವನ್ನು ಕೇಳುತ್ತದೆ. ಕಂಠದ ಒಡೆಯನನ್ನು ಕೇಳುಗನಿಗೆ ಪರಿಚಯಿಸುವ ಗೋಜಿಗೆ ಹೋಗುವುದಿಲ್ಲ.

2020ರ ದೆಹಲಿ ವಿಧಾನಸಭಾ ಚುನಾವಣೆಯ ವೇಳೆ ಭಾಜಪದ ಮನೋಜ್ ತಿವಾರಿ ಹರಿಯಾಣ್ವಿಯಲ್ಲಿ ಮಾತನಾಡಿದಂತೆ ತೋರಿಸಿದ ದೃಶ್ಯಮುದ್ರಿಕೆಯಲ್ಲಿ ತುಟಿಚಲನೆ ಗಣಕಯಂತ್ರದ್ದು, ಧ್ವನಿ ಅನುಕರಣ ಕಲಾವಿದನದು. ಚರ್ಚೆಯೆಲ್ಲ ತುಟಿಯ ಕುರಿತೇ ನಡೆದುದು ಗಮನಾರ್ಹ. 2025ರ ಅಕ್ಟೋಬರಿನಲ್ಲಿ ಚುನಾವಣಾ ಆಯೋಗವು ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ಪ್ರಚಾರಧ್ವನಿಯ ಮೊದಲ ಶೇ. 10ರಷ್ಟು ಅವಧಿಯಲ್ಲಿ ಆ ಸಂಗತಿಯನ್ನು ಸೂಚಿಸಬೇಕೆಂದು ಪಕ್ಷಗಳಿಗೆ ತಿಳಿಸಿತು. ಅದೇ ಪಾಠವನ್ನು ಬಾಡಿಗೆಯ ಮನುಷ್ಯಕಂಠವೊಂದು ಓದಿದರೆ ಈ ಸೂಚನೆ ಅದಕ್ಕೆ ಅನ್ವಯಿಸುವುದಿಲ್ಲ.